ಮಡಿಲೂ ಮೋಟಾರೂ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ನಾನೂ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಸೋದರಿಯರು ಅಪೇಕ್ಷಿಸಿದಾಗ, ಹಳೆಯ ನೆನಪುಗಳನ್ನೇ ಬರೆಯುವುದೆಂದು ಮೊದಲು ನಿಶ್ಚಯಿಸಿದ್ದೆನು. ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬಂದು ತೊಯ್ದ ಲಂಗದಲ್ಲಿಯೇ ಇಡೀ ದಿನ ಪಾಠ ಕೇಳಿದ್ದು, ಸೋಮವಾರದ ಸಂತೆಯ ಗದ್ದಲವು ತರಗತಿಯ ಕಿಟಕಿಯವರೆಗೂ ಬರುತ್ತಿದ್ದುದು, ಇವೆಲ್ಲ ಬರೆಯಲು ಯೋಗ್ಯವಾದ ಸಂಗತಿಗಳೇ ಸರಿ. ಆದರೆ ಹಳೆಯ ವಿದ್ಯಾರ್ಥಿನಿಯರ ಕಳೆದ ಕೂಟದ ದಿನ ಬಾಗಿಲ ಬಳಿ ನಿಂತು ಬಂದವರನ್ನು ಸ್ವಾಗತಿಸುವ ಕೆಲಸವು ನನ್ನ ಪಾಲಿಗೆ ಬಂದಿತು. ಅಲ್ಲಿ ಕಂಡದ್ದು ನನ್ನ ಮನಸ್ಸಿನಿಂದ ಹೋಗಲಿಲ್ಲವಾದ್ದರಿಂದ ಈ ಬೇರೆ ವಿಷಯವನ್ನು ಎತ್ತಿಕೊಂಡಿದ್ದೇನೆ. ವಾಚಕರು ಮನ್ನಿಸಬೇಕು.

ನಾವು ಓದುತ್ತಿದ್ದಾಗ ಆ ಬಾಗಿಲಿಗೆ ಮೋಟಾರೊಂದು ಬಂದು ನಿಂತರೆ ಇನ್‌ಸ್ಪೆಕ್ಟರವರೇ ಬಂದರೆಂದು ತರಗತಿಗಳೆಲ್ಲ ಸ್ತಬ್ಧವಾಗುತ್ತಿದ್ದವು. ಆ ದಿನವಾದರೋ ಒಂದರ ಹಿಂದೊಂದು ಕಾರುಗಳು ಬಂದವು. ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತವರು ಈಗ ಅಜ್ಜಿಯರಾಗಿ, ಮುಂದಿನ ಆಸನದಲ್ಲಿ ಮೊಮ್ಮಕ್ಕಳನ್ನು ಮಡಿಲಿನಲ್ಲಿಟ್ಟುಕೊಂಡು ನಗುನಗುತ್ತಾ ಇಳಿದರು. ಒಂದು ಕಾರಿನ ಮಾಳಿಗೆಯ ಗಾಜನ್ನು ಸರಿಸಿ ಇಬ್ಬರು ಹುಡುಗರು ತಲೆಯನ್ನು ಹೊರಗಿಟ್ಟು ನಿಂತಿದ್ದರು. ಮತ್ತೊಂದರಲ್ಲಿ ನಾಲ್ಕು ವರ್ಷದ ಕೂಸು ಮುಂದಿನ ಎರಡು ಆಸನಗಳ ನಡುವೆ ನಿಂತುಕೊಂಡು ಗೇರಿನ ಕೋಲಿನ ಮೇಲೆ ಕೈಯಿಟ್ಟಿತ್ತು. ಮಕ್ಕಳಿದ್ದ ಅಷ್ಟು ಕಾರುಗಳ ಪೈಕಿ ಒಂದೇ ಒಂದರಲ್ಲಿ ಮಗುವು ತನ್ನದೇ ಆದ ಆಸನದಲ್ಲಿ ಪಟ್ಟಿ ಕಟ್ಟಿಸಿಕೊಂಡು ಕುಳಿತಿತ್ತು. ಇದನ್ನು ನಿಂದೆಗಾಗಿ ಬರೆಯುತ್ತಿಲ್ಲ. ನಿಂದಿಸುವ ಅಧಿಕಾರವು ನನಗೆ ಲೇಶವೂ ಇಲ್ಲವೆಂಬುದು ಮುಂದೆ ತಿಳಿಯುವುದು.

ನಮಗೆ ವಿಜ್ಞಾನವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯವರನ್ನು ನನ್ನ ಕಾಲದವರೆಲ್ಲರೂ ಬಲ್ಲರು. ಅವರು ಒಂದು ದಿನ ಗಾಜಿನ ಲೋಟದ ಮೇಲೆ ರಟ್ಟನ್ನೂ, ರಟ್ಟಿನ ಮೇಲೆ ನಾಲ್ಕಾಣೆಯ ನಾಣ್ಯವನ್ನೂ ಇಟ್ಟು, ಬೆರಳಿನಿಂದ ರಟ್ಟನ್ನು ಚಿಮ್ಮಿದರು. ರಟ್ಟು ಹಾರಿಹೋಯಿತು, ನಾಣ್ಯವು ಟಣಕ್ಕೆಂದು ಲೋಟದೊಳಕ್ಕೆ ಬಿದ್ದಿತು. ನಿಂತದ್ದು ನಿಂತೇ ಇರಲು ಬಯಸುವುದು, ಚಲಿಸುವುದು ಚಲಿಸುತ್ತಲೇ ಇರಲು ಬಯಸುವುದು, ಇದೇ ಜಡತ್ವವೆಂದು ಹೇಳಿಕೊಟ್ಟರು. ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂದು, ನಾನು ಚಿತ್ರ ಸಹಿತವಾಗಿ ಬರೆದು ಪೂರ್ಣ ಅಂಕಗಳನ್ನು ಪಡೆದೆನು. ಈ ನಿಯಮವು ಲೋಟಕ್ಕೂ ನಾಣ್ಯಕ್ಕೂ ಸೇರಿದ್ದೆಂದು ನಂಬಿಕೊಂಡೇ ಪಾಠಶಾಲೆಯನ್ನು ಬಿಟ್ಟೆನು.

೧೯೮೭ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನಾವು ಕುಶಾಲನಗರದಿಂದ ಸೋಮವಾರಪೇಟೆಗೆ ನಮ್ಮ ಜೀಪಿನಲ್ಲಿ ಹಿಂದಿರುಗುತ್ತಿದ್ದೆವು. ನಮ್ಮ ಯಜಮಾನರೇ ನಡೆಸುತ್ತಿದ್ದರು. ಅವರು ನಿಧಾನಸ್ಥರು, ಮಗುವು ಜೊತೆಯಲ್ಲಿದ್ದರೆ ಇನ್ನೂ ನಿಧಾನ. ಹನ್ನೊಂದು ತಿಂಗಳಿನ ಮಗನು ನನ್ನ ಮಡಿಲಿನಲ್ಲಿ ನಿದ್ರಿಸುತ್ತಿದ್ದನು. ಆ ಜೀಪಿನಲ್ಲಿ ಬೆಲ್ಟೆಂಬುದೇ ಇರಲಿಲ್ಲ. ಇದ್ದಿದ್ದರೂ ನಾನು ಕಟ್ಟಿಕೊಳ್ಳುತ್ತಿದ್ದೆನೆಂದು ಹೇಳಲಾರೆನು. ಮಳೆಯು ಹನಿಹನಿಯಾಗಿ ಬೀಳುತ್ತಿತ್ತು. ಒಂದು ತಿರುವಿನಲ್ಲಿ ತೋಟದ ಬೇಲಿಯನ್ನು ನುಸುಳಿಕೊಂಡು ಎತ್ತೊಂದು ರಸ್ತೆಗೆ ಇಳಿಯಿತು. ಅವರು ಬ್ರೇಕನ್ನು ಒತ್ತಿದರು. ಒದ್ದೆಯಾದ ರಸ್ತೆಯಲ್ಲಿ ಜೀಪು ಜಾರಿ ಬದಿಯ ಬರೆಗೆ ಹೋಗಿ ಗುದ್ದಿತು. ವೇಗವು ಆಗ ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚಿರಲಾರದು. ಎತ್ತಿಗೆ ಏನೂ ಆಗಲಿಲ್ಲ. ಯಜಮಾನರಿಗೆ ತುಟಿ ಒಡೆಯಿತು, ನನಗೆ ಮಣಿಕಟ್ಟು ಮುರಿಯಿತು. ಮಗುವು ನನ್ನ ಕೈಯಲ್ಲಿ ಇರಲಿಲ್ಲ.

ಅದು ಹೇಗೆ ಹೋಯಿತೆಂಬುದನ್ನು ನಾನು ನೋಡಲೇ ಇಲ್ಲ. ಮುಂದಿನ ಗಾಜಿನ ಕೆಳಗಿನ ಕಬ್ಬಿಣದ ಹಲಗೆಗೆ ಅದರ ತಲೆಯ ಎಡಭಾಗವು ಬಡಿದಿತ್ತು. ಹಿಂದೆ ಬಂದ ಲಾರಿಯವರು ನಮ್ಮನ್ನು ಹತ್ತಿಸಿಕೊಂಡರು. ಅಲ್ಲಿಂದ ಮೈಸೂರು, ಮೈಸೂರಿನಲ್ಲಿ ಇಪ್ಪತ್ತೆರಡು ದಿನ. ಮಗನು ಬದುಕಿದನು. ಕಿವಿಯ ಹಿಂದಿನ ಎಲುಬು ಬಿರುಕು ಬಿಟ್ಟಿದ್ದರಿಂದ ಎಡಗಿವಿಯು ಅಂದಿನಿಂದ ಕೇಳಿಸಲಿಲ್ಲ, ಇಂದಿಗೂ ಕೇಳಿಸುವುದಿಲ್ಲ. ಊಟಕ್ಕೆ ಕುಳಿತಾಗ ಅವನು ಯಾವಾಗಲೂ ಎಲ್ಲರ ಎಡಕ್ಕೇ ಕುಳಿತುಕೊಳ್ಳುತ್ತಾನೆ, ಒಳ್ಳೆಯ ಕಿವಿಯು ನಮ್ಮ ಕಡೆಗೆ ಇರಲೆಂದು.

ಊರಿಗೆ ಬಂದ ದಿನ ನಮ್ಮ ಅತ್ತೆಯವರು, “ಹೆತ್ತವಳ ಕೈ ಜಾರಬಾರದಾಗಿತ್ತು,” ಎಂದರು. ಅವರು ಕೆಟ್ಟವರಲ್ಲ, ಅದನ್ನು ಒಂದೇ ಸಲ ಹೇಳಿದರು, ಮತ್ತೆಂದೂ ಹೇಳಲಿಲ್ಲ. ನನಗೆ ಆ ಒಂದು ಸಲವೇ ಸಾಕಾಯಿತು. ಕೈ ಜಾರಿತು ಎಂಬ ಮಾತನ್ನು ನಾನು ಮೂವತ್ತನಾಲ್ಕು ವರ್ಷಗಳ ಕಾಲ ಹೊತ್ತುಕೊಂಡಿದ್ದೆನು. ನಿದ್ರೆಯ ಮಂಪರಿನಲ್ಲಿದ್ದೆನೋ, ಹಿಡಿತವನ್ನು ಸಡಿಲ ಬಿಟ್ಟಿದ್ದೆನೋ, ಇನ್ನೊಬ್ಬ ತಾಯಿಯಾಗಿದ್ದರೆ ಬಿಗಿಯಾಗಿ ಹಿಡಿದಿರುತ್ತಿದ್ದಳೋ ಎಂದು ಯೋಚಿಸದ ಮಳೆಗಾಲವಿಲ್ಲ. ಯಜಮಾನರು ಆ ವಿಷಯವನ್ನು ಎತ್ತುತ್ತಲೇ ಇರಲಿಲ್ಲ. ಆದರೆ ಆ ವರ್ಷವೇ ಜೀಪನ್ನು ಮಾರಿಬಿಟ್ಟರು.

೨೦೨೧ರಲ್ಲಿ ಮೊಮ್ಮಗಳು ಹುಟ್ಟಿದಳು. ಏಳು ತಿಂಗಳಾದಾಗ ಮಗನೂ ಸೊಸೆಯೂ ಅವಳನ್ನು ಬೆಂಗಳೂರಿನಿಂದ ಕರೆತಂದರು. ಕಾರಿನ ಹಿಂದಿನ ಆಸನದಲ್ಲಿ ಬುಟ್ಟಿಯಂತಹ ಒಂದು ಸೀಟು. ಅದರಲ್ಲಿ ಮಗುವು ಹಿಂದುಮುಂದಾಗಿ, ಎಂದರೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿ, ಐದು ಕಡೆ ಪಟ್ಟಿ ಬಿಗಿಸಿಕೊಂಡು ಕುಳಿತಿತ್ತು. ಮಾರನೆಯ ದಿನ ಶಾಂತಳ್ಳಿಯ ಕಡೆಗೆ ಹೊರಟಾಗ ಮಗುವು ಅಳುವುದಕ್ಕೆ ಆರಂಭಿಸಿತು. ಅಳುವ ಕೂಸನ್ನು ಕಟ್ಟಿಹಾಕುವುದು ಯಾವ ನ್ಯಾಯ, ನನ್ನ ಮಡಿಲಿಗೆ ಕೊಡಿರೆಂದು ನಾನು ಹಟ ಹಿಡಿದೆನು. ಸೊಸೆಯು ಸುಮ್ಮನಿದ್ದಳು. ಮಗನು ಕಾರನ್ನು ನಿಲ್ಲಿಸಿ, ಇಳಿದು, ಮಗುವನ್ನು ಎತ್ತಿಕೊಂಡು ಸಮಾಧಾನಪಡಿಸಿ, ಪುನಃ ಅದೇ ಸೀಟಿನಲ್ಲಿಯೇ ಕೂರಿಸಿದನು. “ಅಮ್ಮಾ, ಕಾರು ನಿಂತಿರುವಾಗ ಎಷ್ಟು ಬೇಕಾದರೂ ಎತ್ತಿಕೊಳ್ಳಿ. ಓಡುವಾಗ ಮಾತ್ರ ಬೇಡ,” ಎಂದನು. ನನಗೆ ಕೋಪ ಬಂದಿತು. ನಿನ್ನನ್ನು ನಾನು ಬೀಳಿಸಿದೆನೆಂದು ಈ ಮಾತೋ ಎಂದು ಕೇಳಿಯೇಬಿಟ್ಟೆನು.

ಅವನು ಆಗ ಉತ್ತರ ಹೇಳಲಿಲ್ಲ. ರಾತ್ರಿ ಊಟವಾದ ತರುವಾಯ ಒಂದು ಕಾಗದವನ್ನು ತಂದು ನನ್ನ ಮುಂದೆ ಲೆಕ್ಕ ಮಾಡಿದನು. ಮೂವತ್ತು ಕಿಲೋಮೀಟರು ವೇಗದ ಗಾಡಿಯು ಸೆಕೆಂಡಿಗೆ ಎಂಟು ಮೀಟರಿಗೂ ಮಿಕ್ಕಿ ಮುಂದಕ್ಕೆ ಹೋಗುತ್ತಿರುತ್ತದೆ. ಬರೆಗೆ ಗುದ್ದಿದಾಗ ಅದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಒಂಬತ್ತು ಕಿಲೋ ತೂಗುವ ಮಗುವನ್ನು ಗಾಡಿಯೊಡನೆಯೇ ನಿಲ್ಲಿಸಬೇಕಾದರೆ ಹಿಡಿದ ಕೈಗಳು ಎಪ್ಪತ್ತೈದು ಕಿಲೋ ಭಾರವನ್ನು ಎತ್ತುವಷ್ಟು ಬಲವನ್ನು ಆ ಕ್ಷಣದಲ್ಲಿಯೇ ಕೊಡಬೇಕು. ಅದಕ್ಕೆ ತಯಾರಾಗುವುದಕ್ಕೆ ಎಚ್ಚರಿಕೆಯೂ ಇಲ್ಲ, ಅವಕಾಶವೂ ಇಲ್ಲ. ಹಿಡಿದವಳೇ ಮುಂದಕ್ಕೆ ಎಸೆಯಲ್ಪಡುತ್ತಿರುತ್ತಾಳೆ. ವೇಗವು ಐವತ್ತು, ಮಗುವು ಹತ್ತು ಕಿಲೋ ಆದರೆ ಭಾರವು ನೂರನಾಲ್ವತ್ತು ಕಿಲೋವಿಗೆ ಏರುತ್ತದೆ. ನಮ್ಮ ಕಾಫಿಯ ಮೂಟೆ ಐವತ್ತು ಕಿಲೋ. ಎಂದರೆ ಅಂದು ನನ್ನ ಕೈಗಳಿಂದ ಕೇಳಲ್ಪಟ್ಟದ್ದು ಒಂದೂವರೆ ಮೂಟೆ. ವೇಗವು ಐವತ್ತು, ಮಗುವು ಹತ್ತು ಕಿಲೋ ಆಗಿದ್ದಿದ್ದರೆ ಹತ್ತಿರ ಹತ್ತಿರ ಮೂರು ಮೂಟೆ. ಒಂದೂವರೆ ಮೂಟೆ ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ. ಕಣದಲ್ಲಿ ಗಟ್ಟಿಮುಟ್ಟಾದ ಆಳುಗಳೇ ಒಂದು ಮೂಟೆಯನ್ನು ಹೆಗಲಿಗೆ ಏರಿಸುವುದಕ್ಕೆ ಇನ್ನೊಬ್ಬರ ಕೈಯನ್ನು ಕೇಳುವುದನ್ನು ಮದುವೆಯಾದಾಗಿನಿಂದಲೂ ನೋಡುತ್ತಿದ್ದೇನೆ.

“ಕೈ ಜಾರಲಿಲ್ಲಮ್ಮಾ. ಯಾರ ಕೈಗೂ ಆಗುತ್ತಿರಲಿಲ್ಲ,” ಎಂದನು.

ಆ ಕಾಗದವು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಲೋಟ, ರಟ್ಟು, ನಾಲ್ಕಾಣೆ ಎಲ್ಲವೂ ಆ ರಾತ್ರಿ ನೆನಪಿಗೆ ಬಂದವು. ನಮ್ಮ ಯಜಮಾನರು ೨೦೧೫ರಲ್ಲಿಯೇ ತೀರಿಕೊಂಡಿದ್ದರು. ಅವರಿಗೆ ಈ ಲೆಕ್ಕವನ್ನು ತೋರಿಸಲು ಆಗಲಿಲ್ಲ.

ಅನಂತರ ನಾನು ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆನು. ಮಗುವನ್ನು ಹಿಂದುಮುಂದಾಗಿ ಕೂರಿಸುವ ಯೋಚನೆಯು ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬವರದು. ಅಮೆರಿಕೆಯ ಜೆಮಿನಿ ಗಗನಯಾತ್ರಿಗಳು ರಾಕೆಟ್ಟಿನ ಒತ್ತಡವನ್ನು ತಡೆದುಕೊಳ್ಳುವುದಕ್ಕಾಗಿ ಬೆನ್ನನ್ನು ಆನಿಸಿ ಮಲಗುವ ಆಸನಗಳನ್ನು ಕಂಡು, ಅದೇ ಉಪಾಯವನ್ನು ಕೂಸುಗಳಿಗೂ ಅನ್ವಯಿಸಿ, ೧೯೬೪ರಲ್ಲಿ ವೋಲ್ವೋ ಕಾರಿನಲ್ಲಿ ಪರೀಕ್ಷಿಸಿದರು. ಇದಕ್ಕೆ ಐದು ವರ್ಷ ಮುಂಚೆ, ೧೯೫೯ರಲ್ಲಿ, ನಿಲ್ಸ್ ಬೋಲಿನ್ ಎಂಬ ಇಂಜಿನಿಯರು ಅದೇ ಸಂಸ್ಥೆಯಲ್ಲಿ ಹೆಗಲನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ ಈಗಿನ ಬೆಲ್ಟನ್ನು ರೂಪಿಸಿದ್ದರು. ನನ್ನನ್ನು ಹೆಚ್ಚಾಗಿ ಕಲಕಿದ್ದು ಮತ್ತೊಂದು ಸಂಗತಿ. ಅಮೆರಿಕೆಯಲ್ಲಿ ಮೊತ್ತಮೊದಲು ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿದ ಕಾಯಿದೆಯು ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರ ಪ್ರಯತ್ನದಿಂದ ಟೆನೆಸೀ ಸಂಸ್ಥಾನದಲ್ಲಿ ೧೯೭೮ರಲ್ಲಿ ಜಾರಿಗೆ ಬಂದಿತು. ಆದರೆ ತೋಳಿನಲ್ಲಿ ಎತ್ತಿಕೊಂಡಿರುವ ಕೂಸಿಗೆ ಆಸನ ಬೇಡವೆಂದು ಶಾಸನಸಭೆಯವರು ಅದರಲ್ಲಿ ಒಂದು ವಿನಾಯಿತಿಯನ್ನು ಸೇರಿಸಿಬಿಟ್ಟಿದ್ದರು. ಅಲ್ಲಿಯೂ ತಾಯಿಯ ತೋಳನ್ನು ಅಷ್ಟೊಂದು ನಂಬಿದ್ದರು ನೋಡಿರಿ! ಆ ವೈದ್ಯರು ಪಟ್ಟುಬಿಡದೆ ಹೋರಾಡಿ ೧೯೮೧ರಲ್ಲಿ ಆ ವಿನಾಯಿತಿಯನ್ನು ತೆಗೆಸಿದರು. ೧೯೮೫ರ ವೇಳೆಗೆ ಆ ದೇಶದ ಎಲ್ಲ ಸಂಸ್ಥಾನಗಳಲ್ಲಿಯೂ ಇಂತಹ ಕಾಯಿದೆ ಆಗಿತ್ತು. ನಮ್ಮ ಜೀಪು ಬರೆಗೆ ಗುದ್ದಿದ್ದು ೧೯೮೭ರಲ್ಲಿ.

ನಮ್ಮ ದೇಶದಲ್ಲಿ ಕಾಯಿದೆಯು ತಡವಾಗಿಯಾದರೂ ಬಂದಿದೆ. ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ವಾಹನ ನಡೆಸುವವರಿಗೂ ನಡೆಸಗೊಡುವವರಿಗೂ ಸಾವಿರ ರೂಪಾಯಿ ದಂಡ. ಅದೇ ವರ್ಷ ಸೆಪ್ಟೆಂಬರ್ ಒಂದರಿಂದ ಇದು ಜಾರಿಯಲ್ಲಿದೆ. ಸ್ಕೂಟರು, ಬೈಕುಗಳ ವಿಷಯದಲ್ಲಿ ೨೦೨೨ರಲ್ಲಿ ಬೇರೆ ನಿಯಮವಾಯಿತು: ನಾಲ್ಕು ವರ್ಷದೊಳಗಿನ ಮಗುವನ್ನು ನಡೆಸುವವರಿಗೆ ಸೇರಿಸಿ ಪಟ್ಟಿಯಿಂದ ಕಟ್ಟಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ಅಳತೆಯ ಹೆಲ್ಮೆಟು ಇರಬೇಕು, ವೇಗವು ಗಂಟೆಗೆ ನಾಲ್ವತ್ತು ಕಿಲೋಮೀಟರನ್ನು ಮೀರಬಾರದು. ಹೆಲ್ಮೆಟನ್ನು ಅಪ್ಪನು ಧರಿಸಿ, ಪೆಟ್ರೋಲು ಟ್ಯಾಂಕಿನ ಮೇಲೆ ಬರಿದಲೆಯ ಕೂಸನ್ನು ಕೂರಿಸಿಕೊಂಡು ಹೋಗುವುದನ್ನು ನಮ್ಮ ಪೇಟೆಯಲ್ಲಿ ದಿನವೂ ನೋಡುತ್ತೇನೆ. ದಂಡದ ಭಯದಿಂದ ಮಾತ್ರ ಇದು ಸರಿಹೋಗುವುದೆಂದು ನನಗೆ ತೋರುವುದಿಲ್ಲ.

ಈಗ ಎಳೆಯ ತಾಯಂದಿರಿಗಾಗಿ ಎರಡು ಮಾತು. ಕೂಸಿನ ತಲೆಯು ಅದರ ಮೈಯುದ್ದದ ಸುಮಾರು ಕಾಲುಭಾಗವಿರುತ್ತದೆ. ಕತ್ತಿನ ಎಲುಬುಗಳಾದರೋ ಇನ್ನೂ ಮೃದು. ಮುಂದಕ್ಕೆ ಮುಖಮಾಡಿ ಕೂತ ಕೂಸಿನ ದೇಹವನ್ನು ಪಟ್ಟಿಯು ಹಿಡಿದರೂ ತಲೆಯು ಮುಂದಕ್ಕೆ ಎಳೆಯಲ್ಪಡುವುದು. ಹಿಂದಕ್ಕೆ ಮುಖ ಮಾಡಿದರೆ ಬೆನ್ನು, ಕತ್ತು, ತಲೆ ಮೂರನ್ನೂ ಸೀಟಿನ ಬೆನ್ನೇ ಒಟ್ಟಿಗೆ ಹಿಡಿಯುವುದು. ಆದ್ದರಿಂದ ಆ ಸೀಟಿನ ತೂಕದ ಮತ್ತು ಎತ್ತರದ ಮಿತಿ ಮೀರುವವರೆಗೂ ಮಗುವನ್ನು ಹಾಗೆಯೇ ಕೂರಿಸಬೇಕೆಂದು ಅಮೆರಿಕೆಯ ಮಕ್ಕಳ ವೈದ್ಯರ ಅಕಾಡೆಮಿಯು ೨೦೧೮ರಲ್ಲಿ ಹೇಳಿತು. ಯೂರೋಪಿನ ಹೊಸ ನಿಯಮದಂತೆ ಹದಿನೈದು ತಿಂಗಳಿಗೆ ಮುಂಚೆ ತಿರುಗಿಸಲೇಬಾರದು. ಕಾಲು ಮಡಚಿಕೊಂಡಿದೆಯಲ್ಲಾ ಎಂದು ಅಜ್ಜಿಯರು ಮರುಗುವುದುಂಟು, ನಾನೂ ಮರುಗಿದೆನು. ಮಗುವಿಗೆ ಅದರಿಂದ ಏನೂ ತೊಂದರೆಯಿಲ್ಲ, ನೆಲದ ಮೇಲೆಯೂ ಅದು ಹಾಗೆಯೇ ಅಲ್ಲವೇ ಕೂರುವುದು? ಗಾಳಿಚೀಲವಿರುವ ಮುಂದಿನ ಆಸನದಲ್ಲಿ ಮಾತ್ರ ಈ ಸೀಟನ್ನು ಎಂದಿಗೂ ಇಡಕೂಡದು. ಚೀಲವು ಸಿಡಿದು ಉಬ್ಬಿದರೆ ನೇರವಾಗಿ ಸೀಟಿನ ಬೆನ್ನಿಗೇ ಹೊಡೆಯುವುದು.

ನಮ್ಮ ಚಳಿಯ ಊರಿನವರು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಡಿಸೆಂಬರಿನ ಮಂಜಿನಲ್ಲಿಯೂ ಆಷಾಢದ ಮಳೆಯಲ್ಲಿಯೂ ಮಕ್ಕಳಿಗೆ ದಪ್ಪನೆಯ ಉಣ್ಣೆಯಂಗಿಯನ್ನು ತೊಡಿಸಿಯೇ ಹೊರಡುತ್ತೇವೆ. ಅದರ ಮೇಲೆ ಪಟ್ಟಿಯನ್ನು ಬಿಗಿದರೆ ಬಿಗಿದಂತೆ ಕಾಣುವುದಷ್ಟೇ. ಪೆಟ್ಟು ಬಿದ್ದಾಗ ಉಣ್ಣೆಯು ಅಮುಕಿಕೊಂಡು ಪಟ್ಟಿ ಸಡಿಲವಾಗಿ ಮಗು ಜಾರಬಹುದು. ದಪ್ಪ ಅಂಗಿಯನ್ನು ತೆಗೆದು, ತೆಳುವಾದ ಬಟ್ಟೆಯ ಮೇಲೆ ಪಟ್ಟಿಯನ್ನು ಕಟ್ಟಿ, ಅನಂತರ ಮೇಲಿನಿಂದ ಶಾಲನ್ನು ಹೊದಿಸಬೇಕು. ಹೆಗಲಿನ ಬಳಿ ಪಟ್ಟಿಯನ್ನು ಬೆರಳುಗಳಿಂದ ಚಿವುಟಿ ನೋಡಿರಿ. ಮಡಿಕೆ ಸಿಕ್ಕಿದರೆ ಇನ್ನೂ ಬಿಗಿಯಬೇಕು. ಸೀಟನ್ನೂ ಬೆಲ್ಟು ಹಾಯುವ ಕಡೆ ಹಿಡಿದು ಅಲುಗಾಡಿಸಿರಿ. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಿದರೆ ಕೂರಿಸಿದ್ದು ಸರಿಯಿಲ್ಲ.

ಆ ಸೀಟು ಚಿಕ್ಕದಾದ ಮೇಲೆ ಮುಂದಕ್ಕೆ ಮುಖಮಾಡುವ, ಆದರೆ ಪಟ್ಟಿಯುಳ್ಳ ಸೀಟು. ಅದೂ ಚಿಕ್ಕದಾದ ಮೇಲೆ ಬೂಸ್ಟರು. ಬೂಸ್ಟರೆಂದರೆ ಬರಿಯ ಮಣೆ, ಅದಕ್ಕೇಕೆ ಹಣವೆಂದು ಕೇಳುವವರಿದ್ದಾರೆ. ಕಾರಿನ ಬೆಲ್ಟನ್ನು ದೊಡ್ಡವರ ಮೈಗೆ ಅಳೆದು ಮಾಡಿರುತ್ತಾರೆ. ಆರು ವರ್ಷದ ಮಗುವಿಗೆ ಅದನ್ನು ಹಾಗೆಯೇ ಹಾಕಿದರೆ ಸೊಂಟದ ಪಟ್ಟಿಯು ಮೆತ್ತನೆಯ ಹೊಟ್ಟೆಯ ಮೇಲೂ, ಹೆಗಲಿನ ಪಟ್ಟಿಯು ಕತ್ತಿನ ಮೇಲೂ ಬರುವುದು. ಮಗುವು ಕತ್ತಿಗೆ ಉಜ್ಜುವುದೆಂದು ಅದನ್ನು ಕಂಕುಳಿನ ಕೆಳಗೆ ತೂರಿಸಿಕೊಳ್ಳುವುದು, ನಾವೂ ಸುಮ್ಮನಿರುವೆವು. ಬೂಸ್ಟರು ಮಗುವನ್ನು ಎತ್ತರಿಸಿ, ಕೆಳಗಿನ ಪಟ್ಟಿಯು ಸೊಂಟದ ಎಲುಬಿನ ಮೇಲೆ, ಮೇಲಿನದು ಹೆಗಲಿನ ನಡುವೆ ಬರುವಂತೆ ಮಾಡುವುದು. ಸುಮಾರು ನಾಲ್ಕು ಅಡಿ ಒಂಬತ್ತು ಅಂಗುಲ ಎತ್ತರವಾಗುವವರೆಗೆ ಇದು ಬೇಕು. ನಮ್ಮ ಮಕ್ಕಳು ಆ ಎತ್ತರವನ್ನು ಮುಟ್ಟುವಾಗ ಮಾಧ್ಯಮಿಕ ಶಾಲೆಗೆ ಬಂದಿರುತ್ತಾರೆ. ಬೂಸ್ಟರಿನ ಮೇಲೆ ಕೂರುವುದಕ್ಕೆ ನಾಚುತ್ತಾರೆ. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ, ತಂದೆತಾಯಿಗಳ ಗಟ್ಟಿತನವೊಂದೇ.

ತೊಡಕುಗಳಿಲ್ಲವೆಂದು ಹೇಳಲಾರೆನು. ಕೊಡಗಿನಲ್ಲಿ ರೈಲೇ ಇಲ್ಲ; ನಾವು ಎಲ್ಲಿಗೆ ಹೋಗಬೇಕಾದರೂ ರಸ್ತೆಯೇ ಗತಿ. ಮಾದಾಪುರದ ಮೂಲಕ ಮಡಿಕೇರಿಗೆ ಹೋಗುವ ದಾರಿಯ ತಿರುವುಗಳಲ್ಲಿ ನೆಟ್ಟಗೆ ಕೂತ ದೊಡ್ಡವರಿಗೇ ಹೊಟ್ಟೆ ತೊಳಸುತ್ತದೆ, ಹಿಂದಕ್ಕೆ ಮುಖಮಾಡಿದ ಮಗುವಿನ ಪಾಡು ಕೇಳಬೇಕೇ? ನಮ್ಮ ಮೊಮ್ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಹೊರಡುವ ಮೊದಲು ಹಾಲನ್ನು ಕಡಿಮೆ ಮಾಡಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಒಂದು ಟವಲನ್ನು ಹೆಚ್ಚಾಗಿ ಇಟ್ಟುಕೊಂಡರೆ ನಡೆಯುತ್ತದೆ. ಬಾಡಿಗೆಯ ಜೀಪಿನಲ್ಲಿ ಸೀಟನ್ನು ಕಟ್ಟುವುದಕ್ಕೆ ಬೆಲ್ಟೇ ಇಲ್ಲದಿದ್ದರೆ ಆ ಜೀಪು ಮಗುವಿಗಲ್ಲ. ಕೊಯ್ಲಿನ ಕಾಲದಲ್ಲಿ ತೋಟದ ಕೆಲಸದವರ ಮಕ್ಕಳು ಪಿಕಪ್ಪಿನ ಹಿಂದೆ ನಿಂತು ಬರುವರಲ್ಲಾ, ಅವರಿಗೆ ಯಾವ ಸೀಟು? ಅದಕ್ಕೆ ತೋಟದ ಯಜಮಾನರುಗಳೇ ಉತ್ತರ ಹೇಳಬೇಕು. ನಮ್ಮ ಸಂಘದಲ್ಲಿಯೂ ತೋಟದ ಒಡತಿಯರು ಕಡಿಮೆಯಿಲ್ಲ, ನಾನೂ ಒಬ್ಬಳು. ಈ ವರ್ಷದಿಂದ ನಮ್ಮಲ್ಲಿ ಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ಬರುವುದನ್ನು ಬಿಡಿಸಿ, ಅವರಿಗಾಗಿ ಇನ್ನೊಂದು ಸಲ ಕಾರನ್ನು ಕಳುಹಿಸುತ್ತಿದ್ದೇವೆ.

ಹಣದ ಮಾತು ನಿಜವೇ; ಸೀಟಿಗೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ನಾಮಕರಣದ ದಿನ ಒಂದೇ ಕೂಸಿಗೆ ನಾಲ್ಕು ಬೆಳ್ಳಿಯ ಬಟ್ಟಲುಗಳು ಬಂದು, ನಾಲ್ಕೂ ಬೀರುವಿನಲ್ಲಿ ಕಪ್ಪಾಗುವುದನ್ನು ನೋಡಿದ್ದೇನೆ. ಬಳಗದವರು ಸೇರಿ ಒಂದು ಸೀಟನ್ನು ಉಡುಗೊರೆಯಾಗಿ ಕೊಟ್ಟರೆ ತಪ್ಪೇನು? ಬೇರೆಯವರು ಬಳಸಿದ್ದನ್ನು ಕೊಳ್ಳುವವರು ಮಾತ್ರ ಎಚ್ಚರದಿಂದಿರಬೇಕು. ಒಮ್ಮೆ ಅಪಘಾತಕ್ಕೆ ಸಿಕ್ಕಿದ ಸೀಟನ್ನು ಪುನಃ ಉಪಯೋಗಿಸಕೂಡದು, ಕಣ್ಣಿಗೆ ಕಾಣದ ಬಿರುಕು ಇರಬಹುದು. ಪ್ಲಾಸ್ಟಿಕ್ಕಿಗೆ ಆಯುಸ್ಸುಂಟು, ಎಂದಿನವರೆಗೆ ಬಳಸಬಹುದೆಂದು ಸೀಟಿನ ಮೇಲೋ ಜೊತೆಯ ಪುಸ್ತಕದಲ್ಲಿಯೋ ಬರೆದಿರುತ್ತಾರೆ.

ನಮ್ಮ ಮೊಮ್ಮಗಳ ಆ ಮೊದಲಿನ ಬುಟ್ಟಿಯಂತಹ ಸೀಟು ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಅದು ೨೦೨೧ರಲ್ಲಿ ಹೊಸದಾಗಿ ಕೊಂಡದ್ದು, ಯಾವ ಅಪಘಾತವನ್ನೂ ಕಂಡದ್ದಲ್ಲ, ಅದರ ಅವಧಿಯೂ ಇನ್ನೂ ಉಳಿದಿದೆ. ಹದಿಮೂರು ಕಿಲೋವಿನವರೆಗಿನ ಮಗುವಿಗೆ ಆಗುವುದು. ಬೇಸಗೆಯ ರಜಕ್ಕೆ ಮಕ್ಕಳೂ ಮೊಮ್ಮಕ್ಕಳೂ ಊರಿಗೆ ಬಂದಾಗ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರು ಬೇಕಾದರೂ ಅದನ್ನು ಒಯ್ಯಬಹುದು. ಈಗಾಗಲೇ ಇಬ್ಬರು ಒಯ್ದು ಹಿಂದಿರುಗಿಸಿದ್ದಾರೆ. ಕಾರಿಗೆ ಕೂರಿಸುವ ವಿಧಾನವನ್ನು ನನ್ನ ಮಗನು ಕನ್ನಡದಲ್ಲಿ ಬರೆದು ಸೀಟಿನ ಬದಿಗೆ ಅಂಟಿಸಿದ್ದಾನೆ. ಮೇಲುಹೊದಿಕೆಯನ್ನು ಒಗೆದು ತಂದುಕೊಟ್ಟರೆ ಸಾಕು. ಪಟ್ಟಿಗಳನ್ನು ಮಾತ್ರ ಸೋಪಿನ ನೀರಿನಲ್ಲಿ ನೆನೆಹಾಕದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಸೋಮವಾರ ಸಂತೆಗೆ ಬಂದಾಗ ಮನೆಗೆ ಬನ್ನಿರಿ. ಆ ದಿನ ನಾನು ಎಲ್ಲಿಗೂ ಹೋಗುವುದಿಲ್ಲ.